ಓದುಗರ ಪ್ರಶ್ನೆ: ಸೊನ್ನೆ ಎಲ್ಲಿ ಹೋಯಿತು, ಮೋಡಕ್ಕೆ ಮೀಟರ್ ಎಷ್ಟು?

ಈ ತಿಂಗಳ ಪತ್ರಗಳಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. ಎಕ್ಸೆಲ್ ಬಗ್ಗೆ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಕೇಳಿದವರನ್ನು ನಾನು ಇದೇ ಮೊದಲು ನೋಡಿದ್ದು. ಅಕ್ಷರವೂ ಮುತ್ತಿನ ಹಾಗಿದೆ. ಮೊದಲ ಉತ್ತರ ಅವರಿಗೇ.

ಪ್ರಶ್ನೆ: ನನಗೆ 67 ವರ್ಷ. ನಮ್ಮ ಅಪಾರ್ಟ್‌ಮೆಂಟ್‌ನ 48 ಮನೆಗಳ ಮೆಂಟೆನೆನ್ಸ್ ಲೆಕ್ಕ ಈಗ ನನ್ನ ತಲೆಗೆ ಬಿದ್ದಿದೆ. ಹಿಂದಿನ ಖಜಾಂಚಿ ಕೊಟ್ಟ ಎಕ್ಸೆಲ್ ಫೈಲ್ ಮುಂದೆ ಕೂತರೆ ತಲೆ ಕೆಡುತ್ತದೆ. ಮನೆ ನಂಬರ್ 001 ಅಂತ ಹೊಡೆದರೆ ಬರೀ 1 ಉಳಿಯುತ್ತದೆ. ಬ್ಯಾಂಕ್ ಖಾತೆ ನಂಬರ್ ಹೊಡೆದರೆ ನಡುವೆ ಇಂಗ್ಲಿಷಿನ ಇ ಅಕ್ಷರ ಬಂದು ಕೂರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತಂದು ಹಾಕಿದ ತಾರೀಕುಗಳಲ್ಲಿ ಕೆಲವು ಎಡಕ್ಕಿವೆ, ಕೆಲವು ಬಲಕ್ಕಿವೆ. ಹನ್ನೆರಡೂವರೆ ಲಕ್ಷಕ್ಕೆ ಕೋಮಾ ಅಮೆರಿಕದವರ ಹಾಗೆ ಬೀಳುತ್ತದೆ. ಬಾಕಿ ಇರುವವರಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಆದರೆ ಕೆಂಪಿನವರ ಮೊತ್ತ ಎಷ್ಟು ಅಂತ ಅದು ಹೇಳುವುದಿಲ್ಲ. ಕೆಟ್ಟಿರುವುದು ಕಂಪ್ಯೂಟರೋ, ನಾನೋ?
– ಅಪಾರ್ಟ್‌ಮೆಂಟ್ ಖಜಾಂಚಿ, ಜೆ.ಪಿ. ನಗರ

ಉತ್ತರ: ಇಬ್ಬರೂ ಚೆನ್ನಾಗಿದ್ದೀರಿ ಸರ್. ನಿಮಗೆ ಇಬ್ಬರಿಗೂ ಸರಿಯಾಗಿ ಪರಿಚಯ ಆಗಿಲ್ಲ, ಅಷ್ಟೇ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 22 ವರ್ಷ ಅಕೌಂಟ್ಸ್ ನೋಡಿಕೊಂಡವಳು. ಈಗ ರಾಜಾಜಿನಗರದ ಮನೆಯ ಹಾಲ್‌ನಲ್ಲಿ ಸಂಜೆ ಪಾಠ ಹೇಳುತ್ತೇನೆ. ಯಾರೇ ಬರಲಿ, ಮೊದಲ ದಿನ ಹೇಳುವುದು ಒಂದೇ ಮಾತು. ಒಂದು ಸೆಲ್‌ನಲ್ಲಿ, ಅಂದರೆ ಹಾಳೆಯ ಒಂದು ಚೌಕದಲ್ಲಿ, ಇಬ್ಬರು ಇರುತ್ತಾರೆ. ಒಳಗೆ ಇರುವ ಮನುಷ್ಯ ಒಬ್ಬ, ಹೊರಗೆ ಹಾಕಿರುವ ವೇಷ ಇನ್ನೊಂದು. ನಮ್ಮ ಕಣ್ಣಿಗೆ ಕಾಣುವುದು ವೇಷ. ಲೆಕ್ಕಕ್ಕೆ ಸಿಗುವುದು ಮನುಷ್ಯ. ಫಾರ್ಮ್ಯಾಟಿಂಗ್ ಅಂದರೆ ವೇಷ ಬದಲಿಸುವುದು. ನಿಮ್ಮ ಐದೂ ತೊಂದರೆಗಳನ್ನು ಈ ಕಣ್ಣಿನಲ್ಲಿ ನೋಡೋಣ.

001 ಅಂತ ಹೊಡೆದಾಗ ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಳ್ಳುತ್ತದೆ. ಸಂಖ್ಯೆಗೆ ಮುಂದಿನ ಸೊನ್ನೆಗಳಿಂದ ಏನು ಬೆಲೆ? ಹಾಗಾಗಿ ಕಿತ್ತು ಹಾಕುತ್ತದೆ. ಆ ಕಾಲಂ ಪೂರ್ತಿ ಆರಿಸಿ, ಕಂಟ್ರೋಲ್ ಒತ್ತಿಕೊಂಡು 1 ಒತ್ತಿ. ಫಾರ್ಮ್ಯಾಟ್ ಸೆಲ್ಸ್ ಅನ್ನುವ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಕಸ್ಟಮ್ ಅಂತ ಇದೆ. ಅದರಲ್ಲಿ ಮೂರು ಸೊನ್ನೆ ಬರೆದು ಓಕೆ ಕೊಡಿ. ಈಗ 1 ಹೊಡೆದರೂ 001 ಅಂತಲೇ ಕಾಣುತ್ತದೆ. ಒಳಗಿರುವುದು 1, ವೇಷ 001.

ಖಾತೆ ನಂಬರ್‌ಗೆ ಮಾತ್ರ ಈ ಉಪಾಯ ಬೇಡ. ಅಲ್ಲಿ ಅಪಾಯ ಇದೆ. ಮಾಮೂಲಿ ಸೆಲ್‌ನಲ್ಲಿ 11 ಅಂಕಿ ದಾಟಿದ ಸಂಖ್ಯೆಯನ್ನು ಎಕ್ಸೆಲ್ ಇ ಹಾಕಿ ಮಡಚಿ ತೋರಿಸುತ್ತದೆ. ಇಲ್ಲಿಯವರೆಗೆ ಅದು ವೇಷ, ಬಿಚ್ಚಬಹುದು. ಆದರೆ ಎಕ್ಸೆಲ್ ನೆನಪಿಡುವುದು 15 ಅಂಕಿಗಳನ್ನು ಮಾತ್ರ. 16 ಅಂಕಿಯ ಖಾತೆ ನಂಬರ್ ಹೊಡೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಇದು ವೇಷ ಅಲ್ಲ, ಒಳಗಿನ ಮನುಷ್ಯನ ಬೆರಳೇ ಹೋಯಿತು. ಆಮೇಲೆ ಯಾವ ಫಾರ್ಮ್ಯಾಟ್ ಕೊಟ್ಟರೂ ವಾಪಸ್ ಬರುವುದಿಲ್ಲ. ಆದ್ದರಿಂದ ಖಾತೆ ನಂಬರ್ ಕಾಲಂಗೆ ಮೊದಲೇ ಟೆಕ್ಸ್ಟ್ ಅನ್ನುವ ಫಾರ್ಮ್ಯಾಟ್ ಕೊಡಿ, ಆಮೇಲೆ ಹೊಡೆಯಿರಿ. ಹೊಡೆದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ. ನನ್ನ ನಿಯಮ ಸುಲಭ. ಯಾವುದನ್ನು ಕೂಡುವುದಿಲ್ಲವೋ, ಕಳೆಯುವುದಿಲ್ಲವೋ, ಅದು ನಂಬರ್ ಅನ್ನಿಸಿಕೊಂಡರೂ ಟೆಕ್ಸ್ಟ್. ಆಧಾರ್, ಫೋನ್, ಆರ್‌ಆರ್ ನಂಬರ್, ಎಲ್ಲ ಅಷ್ಟೇ. ಎರಡು ಫೋನ್ ನಂಬರ್ ಕೂಡಿ ಏನು ಮಾಡುತ್ತೀರಿ?

ಈಗ ತಾರೀಕು. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಈ ಭಾಗ. ಎಡಕ್ಕಿರುವುದು, ಬಲಕ್ಕಿರುವುದು ಅಂತ ಗಮನಿಸಿದ್ದೀರಲ್ಲ, ಅದನ್ನು ಆಫೀಸಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವರೂ ಗಮನಿಸುವುದಿಲ್ಲ.

ಎಕ್ಸೆಲ್‌ಗೆ ತಾರೀಕು ಅಂದರೆ ದಿನಗಳ ಎಣಿಕೆ. 1900ರ ಜನವರಿ 1ಕ್ಕೆ 1 ಅಂತ ಶುರು. ನಮ್ಮ ರಾಜ್ಯ ಒಂದಾದ 1956ರ ನವೆಂಬರ್ 1 ಹೊಡೆದು, ಆ ಸೆಲ್‌ಗೆ ನಂಬರ್ ಫಾರ್ಮ್ಯಾಟ್ ಕೊಟ್ಟು ನೋಡಿ. 20760 ಅಂತ ಬರುತ್ತದೆ. ಕರ್ನಾಟಕ ಅಂತ ಹೆಸರಾದ 1973ರ ನವೆಂಬರ್ 1ಕ್ಕೆ 26969. ಒಂದರಿಂದ ಒಂದು ಕಳೆದರೆ 6209. ಅಷ್ಟು ದಿನ ನಾವು ಮೈಸೂರು ರಾಜ್ಯದ ಹೆಸರಲ್ಲಿದ್ದೆವು. ತಾರೀಕಿನಿಂದ ತಾರೀಕು ಕಳೆಯಲು ಆಗುವುದು ಒಳಗೆ ಹೀಗೆ ಸಂಖ್ಯೆ ಇರುವುದರಿಂದಲೇ. (ಒಂದು ತಮಾಷೆ: 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲ, ಆದರೂ ಎಕ್ಸೆಲ್ ಇತ್ತು ಅನ್ನುತ್ತದೆ. ಅದಕ್ಕೂ ಹಿಂದಿನ ಲೋಟಸ್ 1-2-3 ಅನ್ನುವ ಲೆಕ್ಕದ ಪ್ರೋಗ್ರಾಂ ಮಾಡಿದ ತಪ್ಪು ಅದು. ಫೈಲ್‌ಗಳು ಹೊಂದಿಕೊಳ್ಳಲಿ ಅಂತ ಆ ತಪ್ಪನ್ನೂ ಹಾಗೇ ಇಟ್ಟುಕೊಂಡರು.)

ಸಂಖ್ಯೆ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಅದು ಎಕ್ಸೆಲ್‌ನ ಸ್ವಭಾವ. ನಿಮ್ಮ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದೆ ಅಂತ ಕೋಮಾ ನೋಡಿದರೇ ಗೊತ್ತಾಗುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಬ್ಯಾಂಕಿನ 13/05 ಅನ್ನು ನೋಡಿ ಅದು 13ನೇ ತಿಂಗಳು ಎಲ್ಲಿದೆ ಅಂತ ಕೈಬಿಟ್ಟು, ಅಕ್ಷರ ಅಂತ ಎಡಕ್ಕೆ ತಳ್ಳಿತು. 12/05 ಅನ್ನು ನೋಡಿ ಡಿಸೆಂಬರ್ 5 ಅಂದುಕೊಂಡು ಖುಷಿಯಾಗಿ ಬಲಕ್ಕೆ ನಿಲ್ಲಿಸಿತು. ಅಂದರೆ ಎಡಕ್ಕಿರುವ ತಾರೀಕು ಬರೀ ಹಟಮಾರಿ. ಬಲಕ್ಕೆ ನೀಟಾಗಿ ನಿಂತಿದೆಯಲ್ಲ, ಅದೇ ಸುಳ್ಳು ಹೇಳುತ್ತಿರುವುದು. ಮೇ 12ರಂದು ಕಟ್ಟಿದವರು ಡಿಸೆಂಬರ್‌ನಲ್ಲಿ ಕಟ್ಟಿದ್ದಾರೆ ಅಂತ ನೀವು ದಂಡ ಹಾಕಿದರೆ, ಜನರಲ್ ಬಾಡಿ ಮೀಟಿಂಗ್‌ನಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ರೀಜನ್ (ಕೆಲವು ಕಂಪ್ಯೂಟರ್‌ಗಳಲ್ಲಿ ಲ್ಯಾಂಗ್ವೇಜ್ ಅಂಡ್ ರೀಜನ್), ಅಲ್ಲಿ ರೀಜನಲ್ ಫಾರ್ಮ್ಯಾಟ್‌ಗೆ ಇಂಗ್ಲಿಷ್ ಇಂಡಿಯಾ ಅಂತ ಆರಿಸಿ. ಕೋಮಾ 12,50,000 ಅಂತ ನಮ್ಮ ಹಾಗೆ ಬೀಳುತ್ತದೆ. ಮುಂದೆ ಹೊಡೆಯುವ ತಾರೀಕೂ ದಿನ ಮೊದಲು ಅಂತ ಓದಿಕೊಳ್ಳುತ್ತದೆ. ಆದರೆ ಈಗಾಗಲೇ ತಪ್ಪಾಗಿ ಓದಿಕೊಂಡದ್ದು ಸರಿಯಾಗುವುದಿಲ್ಲ. ಅದಕ್ಕೆ ಬ್ಯಾಂಕಿನ ಮೂಲ ಫೈಲ್‌ನಿಂದ ಮತ್ತೆ ತನ್ನಿ. ಎಡಕ್ಕಿರುವವು ಇನ್ನೂ ಉಳಿದಿದ್ದರೆ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಅಂತ ಇದೆ. ಅದರ ಮೂರನೇ ಹೆಜ್ಜೆಯಲ್ಲಿ ಡೇಟ್ ಆರಿಸಿ, ದಿನ-ತಿಂಗಳು-ವರ್ಷದ ಕ್ರಮ ಹೇಳಿ.

ನಿಮಗೊಬ್ಬರಿಗೇ ಹೀಗಾಗಿಲ್ಲ, ಬೇಸರ ಬೇಡ. ಮನುಷ್ಯನ ಜೀನ್‌ಗಳಲ್ಲಿ ಮಾರ್ಚ್1 ಅನ್ನುವ ಹೆಸರಿನ ಒಂದು ಜೀನ್ ಇತ್ತು. ವಿಜ್ಞಾನಿಗಳು ಎಕ್ಸೆಲ್‌ನಲ್ಲಿ ಹೊಡೆದಾಗಲೆಲ್ಲ ಅದು ಮಾರ್ಚ್ 1ನೇ ತಾರೀಕು ಆಗುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಸೋತು, ಜೀನ್‌ಗಳ ಹೆಸರನ್ನೇ ಬದಲಿಸಿತು.

ಬಣ್ಣದ್ದು ಕೊನೆಯ ಮಾತು. ಕೈಯಲ್ಲಿ ಬಳಿದ ಬಣ್ಣ ಶುದ್ಧ ವೇಷ, ಕೂಡಲು ಅದರಲ್ಲಿ ಏನೂ ಇಲ್ಲ. ಬಾಕಿ ಅಂತ ಒಂದು ಕಾಲಂ ಮಾಡಿ, ಕಟ್ಟಬೇಕಾದ್ದರಲ್ಲಿ ಕಟ್ಟಿದ್ದನ್ನು ಕಳೆಯಿರಿ. ಆಮೇಲೆ ಹೋಮ್ ಮೆನುವಿನ ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ, ಸೊನ್ನೆಗಿಂತ ಜಾಸ್ತಿ ಇದ್ದರೆ ಕೆಂಪು ಅಂತ ಹೇಳಿ. ಹಣ ಕಟ್ಟಿದ ಕ್ಷಣ ಕೆಂಪು ತಾನೇ ಹೋಗುತ್ತದೆ. ಮೊತ್ತಕ್ಕೆ ಬಾಕಿ ಕಾಲಂನ ಕೆಳಗೆ ಒಂದು ಸಮ್ ಸಾಕು.

ಪ್ರಶ್ನೆ: ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತೇನೆ. ತಿಂಡಿಗಳ ಹೆಸರು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಆರ್ಡರ್ ಫೈಲ್ ಅನ್ನು ಸಿಎಸ್‌ವಿ ಮಾಡಿ ಕಳಿಸಿ ಅಂತ ಡೆಲಿವರಿಯವರು ಕೇಳಿದರು. ಕಳಿಸಿದರೆ ಚಕ್ಕುಲಿ ಹೋಗಿ ಪ್ರಶ್ನಾರ್ಥಕ ಚಿಹ್ನೆಗಳು ಬಂದವಂತೆ. ಇನ್ನೊಂದು, ಬಡಾವಣೆಯ ಹೆಸರನ್ನು ನಾಲ್ಕೈದು ಸಾಲು ಸೇರಿಸಿ ದೊಡ್ಡದಾಗಿ ಬರೆದಿದ್ದೇನೆ, ನೋಡಲು ಚಂದ. ಆದರೆ ಈಗ ಸಾರ್ಟ್ ಮಾಡಲು ಹೋದರೆ ಬೈಯುತ್ತದೆ.
– ಗೃಹಿಣಿ, ಬಸವನಗುಡಿ

ಉತ್ತರ: ಅಕ್ಕ, ಚಕ್ಕುಲಿ ಎಲ್ಲೂ ಹೋಗಿಲ್ಲ. ಸಿಎಸ್‌ವಿ ಅಂದರೆ ಸೆಲ್‌ಗಳ ನಡುವೆ ಕೋಮಾ ಹಾಕಿ ಬರೆದ ಬರೀ ಬರಹದ ಫೈಲ್. ಸೇವ್ ಆಸ್ ಕೊಟ್ಟಾಗ ಸಿಎಸ್‌ವಿ ಅಂತ ಎರಡು ಮೂರು ಸಾಲು ಕಾಣುತ್ತವೆ. ಬರೀ ಸಿಎಸ್‌ವಿ ಬಿಟ್ಟು, ಸಿಎಸ್‌ವಿ ಯುಟಿಎಫ್-8 ಅಂತ ಇರುವುದನ್ನು ಆರಿಸಿ. ಕನ್ನಡ ಅಕ್ಷರಗಳನ್ನು ಹೊತ್ತುಕೊಂಡು ಹೋಗುವ ತಾಕತ್ತು ಅದಕ್ಕಿದೆ. ನೀವು ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆಯುತ್ತಿದ್ದರೆ ಮಾತ್ರ ಇದೂ ಸಾಲದು. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಕನ್ನಡ ಬರೀ ಫಾಂಟ್‌ನ ವೇಷ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ವೇಷ ಕಳಚಿ ಬೀಳುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಅದನ್ನು ಇಟ್ಟುಕೊಳ್ಳಿ. ಬೆರಳಿಗೆ ಅಭ್ಯಾಸವಾದ ಕೀಬೋರ್ಡ್ ಬದಲಾಗುವುದಿಲ್ಲ.

ಸೆಲ್ ಸೇರಿಸುವ ಮರ್ಜ್ ಬಟನ್ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ಕಾರ್ಖಾನೆಯಲ್ಲಿ ಒಂದು ದೀಪಾವಳಿ. ಬೋನಸ್ ಪಟ್ಟಿಯಲ್ಲಿ ವಿಭಾಗದ ಹೆಸರುಗಳನ್ನು ಮರ್ಜ್ ಮಾಡಿ ಅಲಂಕಾರ ಮಾಡಿದ್ದೆ. ಸಂಜೆ ಸಾಹೇಬರು ಮೊತ್ತದ ಪ್ರಕಾರ ಜೋಡಿಸಿ ಕೊಡಿ ಅಂದರು. ಸಾರ್ಟ್ ಕೊಟ್ಟರೆ ಮರ್ಜ್ ಆದ ಸೆಲ್‌ಗಳೆಲ್ಲ ಒಂದೇ ಅಳತೆ ಇರಬೇಕು ಅಂತ ತಕರಾರು. ಬಸ್ಸಿಗೆ ಹೊತ್ತಾಗಿತ್ತು. ಮೊತ್ತದ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತಿಬಿಟ್ಟೆ. ಹೆಸರುಗಳು ಇದ್ದಲ್ಲೇ ಇದ್ದವು, ದುಡ್ಡು ಮಾತ್ರ ಜಾಗ ಬದಲಿಸಿತು. ಮಾರನೇ ದಿನ ಗೇಟಿನ ವಾಚ್‌ಮನ್ ಬಂದು, ಮೇಡಂ, ನನಗೆ ಇಷ್ಟು ಬರುವುದಿಲ್ಲವಲ್ಲ ಅಂದ. ಫೋರ್‌ಮನ್‌ನ ಬೋನಸ್ ಅವನ ಹೆಸರಿನ ಮುಂದಿತ್ತು. ಆ ಪುಣ್ಯಾತ್ಮ ಸುಮ್ಮನೆ ಸಹಿ ಹಾಕಿದ್ದರೆ ನನ್ನ ಕಥೆ ಮುಗಿಯುತ್ತಿತ್ತು.

ಹಾಗಾಗಿ ಅಕ್ಕ, ಬಡಾವಣೆಯ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ನೋಡಲು ಬೇಜಾರು, ಆದರೆ ಸಾರ್ಟ್, ಫಿಲ್ಟರ್ ಎಲ್ಲ ನಡೆಯುತ್ತದೆ. ಮೇಲಿನ ತಲೆಬರಹ ನಡುವೆ ಬರಬೇಕೆಂದರೆ ಫಾರ್ಮ್ಯಾಟ್ ಸೆಲ್ಸ್‌ನ ಅಲೈನ್‌ಮೆಂಟ್‌ನಲ್ಲಿ ಸೆಂಟರ್ ಅಕ್ರಾಸ್ ಸೆಲೆಕ್ಷನ್ ಅಂತ ಇದೆ. ಮರ್ಜ್‌ನ ಹಾಗೇ ಕಾಣುತ್ತದೆ, ಸೆಲ್‌ಗಳು ಮಾತ್ರ ಬೇರೆ ಬೇರೆಯಾಗೇ ಇರುತ್ತವೆ. ಗೊಜ್ಜಿನ ಸ್ಯಾಂಪಲ್ ಕಳಿಸುತ್ತೇನೆ ಅಂದಿದ್ದೀರಿ. ಸಂಪಾದಕರು ಬೇಡ ಅಂದಾರು, ನಾನು ಬೇಡ ಅನ್ನುವುದಿಲ್ಲ.

ಪ್ರಶ್ನೆ: ಆಂಟಿ, ನಾನು ಬಿ.ಕಾಂ. ಮುಗಿಸಿ ಒಂದು ಕಂಪನಿಯಲ್ಲಿ ಎಂಐಎಸ್ ರಿಪೋರ್ಟ್ (ಮೇಲಿನವರಿಗೆ ಕೊಡುವ ಅಂಕಿಅಂಶದ ವರದಿ) ಮಾಡುತ್ತೇನೆ. ಇಡೀ ದಿನ ಎಕ್ಸೆಲ್. ಈಗ ಫೈಲ್ ತುಂಬಿ ತೆರೆಯುವುದಕ್ಕೇ ಐದು ನಿಮಿಷ ಬೇಕು. ಜೊತೆಯವರೆಲ್ಲ ಕ್ಲೌಡ್ ಕಲಿ ಅನ್ನುತ್ತಾರೆ. ಮಾರತ್ತಹಳ್ಳಿಯ ಒಂದು ಇನ್‌ಸ್ಟಿಟ್ಯೂಟ್‌ನಲ್ಲಿ 45 ಸಾವಿರ ಕೇಳಿದರು, ಕೆಲಸ ಗ್ಯಾರಂಟಿ ಅಂದರು. ನಾನೇ ಕಲಿಯೋಣ ಅಂದರೆ ಕ್ರೆಡಿಟ್ ಕಾರ್ಡ್ ಕೇಳುತ್ತದೆ. ಅಪ್ಪ ಆಟೋ ಓಡಿಸುತ್ತಾರೆ. ಕಾರ್ಡ್ ಕೊಟ್ಟರೆ ಮನೆ ಹರಾಜು ಆಗುತ್ತದೆ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಎಂಐಎಸ್ ಹುಡುಗಿ, ಸುಂಕದಕಟ್ಟೆ

ಉತ್ತರ: ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ, ನನ್ನ ಮಗಳ ವಯಸ್ಸು ನಿನ್ನದು. ನಿಮ್ಮಪ್ಪನ ಭಯದಿಂದಲೇ ಶುರು ಮಾಡೋಣ. ಅದು ಪೂರ್ತಿ ತಪ್ಪಲ್ಲ.

ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರನ್ನು ಬಾಡಿಗೆಗೆ ತೆಗೆದುಕೊಳ್ಳುವುದು. ಮದುವೆಗೆ ಶಾಮಿಯಾನ, ಕೊಳಗ, ಕುರ್ಚಿ ಬಾಡಿಗೆಗೆ ತರುವುದಿಲ್ಲವಾ? ಐನೂರು ಜನಕ್ಕೆ ಅಡುಗೆ ಮಾಡುವ ಕೊಳಗ ಕೊಂಡು ಮನೆಯಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ. ಎರಡು ದಿನ ತಂದು, ತೊಳೆದು, ವಾಪಸ್. ಅಮೆಜಾನ್ 2006ರಲ್ಲಿ ಕಂಪ್ಯೂಟರ್‌ಗಳಿಗೆ ಈ ಬಾಡಿಗೆ ಅಂಗಡಿ ತೆರೆಯಿತು. ಈಗ ಮೈಕ್ರೋಸಾಫ್ಟ್‌ನ ಅಜೂರ್ ಇದೆ, ಗೂಗಲ್ ಕ್ಲೌಡ್ ಇದೆ. ಆ ಕೊಳಗಗಳು ಇರುವ ಗೋಡೌನ್‌ಗಳಿಗೆ ರೀಜನ್ ಅನ್ನುತ್ತಾರೆ. ಅಮೆಜಾನ್‌ಗೆ ಮುಂಬೈಯಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ಇದೆ. ಗೂಗಲ್‌ನದು ಮುಂಬೈ, ದೆಹಲಿಯಲ್ಲಿದೆ. ಅಜೂರ್‌ನದು ಪುಣೆ, ಚೆನ್ನೈ, ಮುಂಬೈಯಲ್ಲಿದೆ. ಕ್ಲೌಡ್ ಇಂಜಿನಿಯರ್‌ಗಳು ಬೀದಿಗೊಬ್ಬರು ಸಿಗುವ ನಮ್ಮ ಬೆಂಗಳೂರಿನಲ್ಲಿ ಈ ಮೂವರದೂ ರೀಜನ್ ಇಲ್ಲ. ಅಡುಗೆಯವರೆಲ್ಲ ಇಲ್ಲಿ, ಪಾತ್ರೆಯೆಲ್ಲ ಅಲ್ಲಿ.

ಬಾಡಿಗೆ ಅಂಗಡಿಯ ತೊಂದರೆ ಏನು? ವಾಪಸ್ ಕೊಡಲು ಮರೆತ ಪಾತ್ರೆಗೂ ದಿನಬಾಡಿಗೆ ಓಡುತ್ತದೆ. ನನಗೇ ಆಗಿದೆ. ಕಲಿಯೋಣ ಅಂತ ಒಂದು ಕ್ಲೌಡ್‌ನಲ್ಲಿ ಮೆಷಿನ್ ತೆರೆದೆ. ಎರಡು ದಿನ ಆಡಿದೆ, ಸ್ಟಾಪ್ ಒತ್ತಿದೆ, ಮರೆತೆ. ಸ್ಟಾಪ್ ಅಂದರೆ ಮೆಷಿನ್ ಮಲಗುತ್ತದೆ, ಅಷ್ಟೇ. ಅದರ ಡಿಸ್ಕ್ ಎದ್ದೇ ಇರುತ್ತದೆ. ಇಂಟರ್‌ನೆಟ್‌ನಲ್ಲಿ ಆ ಮೆಷಿನ್‌ಗೆ ಅಂತ ಕಾದಿರಿಸಿದ್ದ ಐಪಿ ವಿಳಾಸಕ್ಕೂ ಬಾಡಿಗೆ. ಮೇಲೆ 18 ಶೇಕಡಾ ಜಿಎಸ್‌ಟಿ. ಮೂರು ತಿಂಗಳಾದ ಮೇಲೆ ಕಾರ್ಡ್ ಸ್ಟೇಟ್‌ಮೆಂಟ್ ನೋಡಿದರೆ 3,700 ರೂಪಾಯಿ ಚಿಲ್ಲರೆ ಹೋಗಿತ್ತು. ಸೆಲ್‌ನಲ್ಲಿ ಕಾಣುವುದನ್ನು ನಂಬಬೇಡಿ ಅಂತ ಊರಿಗೆಲ್ಲ ಪಾಠ ಹೇಳುವವಳು, ಸ್ಟಾಪ್ಡ್ ಅನ್ನುವ ಬರಹ ನೋಡಿ ನಂಬಿ ಕೂತಿದ್ದೆ. ಮನೆಯವರಿಗೆ ಇವತ್ತಿನವರೆಗೆ ಹೇಳಿಲ್ಲ. ಈ ಪತ್ರಿಕೆ ಅವರು ಓದುವುದಿಲ್ಲ, ಬಿಡು.

ನಿಮ್ಮಪ್ಪನಿಗೆ ಹೀಗೆ ಹೇಳು. ಆಟೋದ ವೇಟಿಂಗ್ ಚಾರ್ಜ್ ಇದೆಯಲ್ಲ, ಇದೂ ಅದೇ. ಗಾಡಿ ನಿಂತಿದ್ದರೂ ಮೀಟರ್ ಓಡುತ್ತದೆ. ಡೌನ್ ಮಾಡಿದ ಮೀಟರನ್ನು ಯಾರಾದರೂ ಎತ್ತಬೇಕು. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಆದರೆ ನಿನಗೆ ಮೊದಲ ಹೆಜ್ಜೆಗೆ ಕಾರ್ಡೇ ಬೇಡ. ನೀನು ಎಂಐಎಸ್ ಹುಡುಗಿ ಆಗಿರುವುದರಿಂದ ಈ ದಾರಿ ಹೇಳುತ್ತಿದ್ದೇನೆ, ಬೇರೆಯವರಿಗಾದರೆ ಬೇರೆ ಹೇಳುತ್ತಿದ್ದೆ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು ಮಾತ್ರ ಹಿಡಿಯುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲ್‌ನಲ್ಲಿ ಬರೀ 65,536. ಇಂಗ್ಲೆಂಡ್‌ನಲ್ಲಿ 2020ರಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಈ ಹಳೆಯ ಬಗೆಯ ಫೈಲ್‌ಗೆ ತುಂಬುತ್ತಿದ್ದರು. ಹಾಳೆ ತುಂಬಿದ ಮೇಲೆ ಬಂದವು ಸದ್ದಿಲ್ಲದೆ ಹೊರಗೆ ಬಿದ್ದವು. 15,841 ಸೋಂಕಿತರು ಲೆಕ್ಕದಿಂದ ತಪ್ಪಿದ್ದರು. ನಿನ್ನ ಫೈಲ್ ಐದು ನಿಮಿಷ ತೆಗೆದುಕೊಳ್ಳುತ್ತಿದೆ ಅಂದರೆ ನೀನೂ ಆ ಅಂಚಿಗೆ ಹತ್ತಿರ ಇರಬಹುದು.

ಗೂಗಲ್ ಕ್ಲೌಡ್‌ನಲ್ಲಿ ಬಿಗ್‌ಕ್ವೆರಿ ಅಂತ ಇದೆ. ಕೋಟಿಗಟ್ಟಲೆ ಸಾಲುಗಳನ್ನು ನುಂಗಿ ಕ್ಷಣದಲ್ಲಿ ಲೆಕ್ಕ ಕೊಡುವ ಸೇವೆ. ಅದಕ್ಕೆ ಸ್ಯಾಂಡ್‌ಬಾಕ್ಸ್ ಅನ್ನುವ ಕಲಿಕೆಯ ಅಂಗಳ ಇದೆ. ಜಿಮೇಲ್ ಖಾತೆ ಸಾಕು, ಕಾರ್ಡ್ ಕೇಳುವುದಿಲ್ಲ. 10 ಜಿಬಿ ಇಟ್ಟುಕೊಳ್ಳಬಹುದು, ತಿಂಗಳಿಗೆ 1 ಟಿಬಿಯಷ್ಟು (ಸುಮಾರು ಸಾವಿರ ಜಿಬಿ) ಡೇಟಾ ಜಾಲಾಡಬಹುದು. ಹಾಕಿದ ಟೇಬಲ್‌ಗಳು 60 ದಿನಕ್ಕೆ ತಾವೇ ಅಳಿಸಿಹೋಗುತ್ತವೆ. ಕಲಿಯುವವಳಿಗೆ ಅದೂ ಒಳ್ಳೆಯದೇ. ಕೇಳಬೇಕಾದ ಭಾಷೆ ಎಸ್‌ಕ್ಯುಎಲ್. ಹೆದರಬೇಡ, ಪಿವಟ್ ಟೇಬಲ್ ಮಾಡಿದ ಕೈಗೆ, ಸಾಲುಗಳನ್ನು ಗುಂಪು ಮಾಡಿ ಲೆಕ್ಕ ಕೊಡುವ ಗ್ರೂಪ್ ಬೈ ಹೊಸದಲ್ಲ. ಸಾಲು, ಕಾಲಂ ಎಳೆದು ಬಿಡುವ ಬದಲು ಬಾಯಿಬಿಟ್ಟು ಹೇಳುತ್ತೀಯ, ಅಷ್ಟೇ ವ್ಯತ್ಯಾಸ. ಕಂಪನಿಯ ಡೇಟಾ ಮಾತ್ರ ಅಲ್ಲಿಗೆ ಹಾಕಬೇಡ, ಕೆಲಸ ಹೋದೀತು. ಮನೆಯ ಖರ್ಚು ಹಾಕು, ಅಪ್ಪನ ದಿನದ ಬಾಡಿಗೆ ಲೆಕ್ಕ ಹಾಕು.

ಹಾಕುವಾಗಲೇ ನೀನು ಎಡವುತ್ತೀಯ. ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿದಾಗ ಹೋಗುವುದು ಒಳಗಿನ ಮನುಷ್ಯ ಅಲ್ಲ, ವೇಷ. ತೆರೆಯ ಮೇಲೆ ಹೇಗೆ ಕಾಣುತ್ತದೋ ಹಾಗೇ ಬರೆದು ಕಳಿಸುತ್ತದೆ. ರೂಪಾಯಿ ಚಿಹ್ನೆ, ಕೋಮಾ ಹಾಕಿ ಅಂದವಾಗಿಟ್ಟ 1,25,000 ಅಲ್ಲಿ ಹೋಗಿ ಅಕ್ಷರ ಆಗಿ ಕೂರುತ್ತದೆ. ಕೂಡು ಅಂದರೆ ಕೂಡುವುದಿಲ್ಲ. ಇ ಹಾಕಿಕೊಂಡ ಖಾತೆ ನಂಬರ್‌ನಲ್ಲಿ ಉಳಿದ ಅಂಕಿಗಳು ದಾರಿಯಲ್ಲೇ ಉದುರಿರುತ್ತವೆ. ಎರಡೇ ದಶಮಾಂಶ ತೋರಿಸು ಅಂದಿದ್ದರೆ ಎರಡೇ ಹೋಗುತ್ತದೆ. ಆದ್ದರಿಂದ ಕಳಿಸುವ ಮುಂಚೆ ವೇಷ ಬಿಚ್ಚು. ಹಣದ ಕಾಲಂಗಳಿಗೆ ಕೋಮಾ ಇಲ್ಲದ ನಂಬರ್ ಫಾರ್ಮ್ಯಾಟ್ ಕೊಡು. ತಾರೀಕನ್ನು 2025-05-12 ಅಂತ ವರ್ಷ, ತಿಂಗಳು, ದಿನದ ಕ್ರಮದಲ್ಲಿಡು, ಬಿಗ್‌ಕ್ವೆರಿಗೆ ಇಷ್ಟವಾಗುವ ಕ್ರಮ ಅದು. ಮೊದಲ ಸಾಲಿನಲ್ಲೇ ಕಾಲಂ ಹೆಸರು ಇರಲಿ. ಅದರ ಮೇಲೆ ಕಂಪನಿ ಹೆಸರು, ಬಾರ್ಡರ್, ಮರ್ಜ್ ಯಾವುದೂ ಬೇಡ. ನಡುವೆ ಒಟ್ಟು ಅಂತ ಹಳದಿ ಸಾಲುಗಳೂ ಬೇಡ. ಬಾಸ್‌ಗೆ ಕೊಡುವ ಫೈಲ್ ಬೇರೆ, ಯಂತ್ರಕ್ಕೆ ಕೊಡುವ ಫೈಲ್ ಬೇರೆ. ಎರಡನ್ನೂ ಒಂದೇ ಹಾಳೆಯಲ್ಲಿ ಮಾಡಲು ಹೋಗಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ಗೊತ್ತಿರುವ ನಿನ್ನಂಥವಳಿಗೆ ಕ್ಲೌಡ್‌ನಲ್ಲಿ ಕೆಲಸ ಇದೆ, ಇದನ್ನು ಇನ್‌ಸ್ಟಿಟ್ಯೂಟ್‌ನವರು ಹೇಳಿಕೊಡುವುದು ಕಮ್ಮಿ.

ಒಂದೆರಡು ತಿಂಗಳು ಹೀಗೆ ಆಡಿದ ಮೇಲೆ ಕಾರ್ಡ್ ಕೊಡುವ ಧೈರ್ಯ ಮಾಡು. ಗೂಗಲ್ ಹೊಸಬರಿಗೆ 90 ದಿನಕ್ಕೆ 300 ಡಾಲರ್ ಕೊಡುತ್ತದೆ. ಅಜೂರ್ 30 ದಿನಕ್ಕೆ 200 ಡಾಲರ್. ಅಮೆಜಾನ್ 2025ರ ಜುಲೈ ಮಧ್ಯದಿಂದ ನಿಯಮ ಬದಲಿಸಿದೆ. ಸೇರಿದಾಗ 100 ಡಾಲರ್, ಅವರು ಹೇಳಿದ ಕೆಲವು ಕೆಲಸ ಮಾಡಿದರೆ ಇನ್ನೂ 100ರವರೆಗೆ. ಅದರಲ್ಲಿ ಫ್ರೀ ಪ್ಲಾನ್ ಆರಿಸಿದರೆ ಆರು ತಿಂಗಳು, ಇಲ್ಲವೇ ಆ ದುಡ್ಡು ಮುಗಿಯುವವರೆಗೆ. ಆಮೇಲೆ ಪೇಯ್ಡ್ ಪ್ಲಾನ್‌ಗೆ ನೀನಾಗಿ ಹೋಗದೆ ಬಿಲ್ ಬರುವುದಿಲ್ಲ. ಮೂರೂ ಕಡೆ ಒಟ್ಟಿಗೆ ಖಾತೆ ತೆರೆಯಬೇಡ. ದಿನ ಎಣಿಕೆ ತೆರೆದ ಕ್ಷಣದಿಂದಲೇ ಶುರುವಾಗುತ್ತದೆ.

ಖಾತೆ ತೆರೆದ ದಿನ ಬೇರೇನೂ ಮುಟ್ಟದೆ ಎರಡು ಕೆಲಸ ಮಾಡು. ಮೊಬೈಲ್‌ನ ಅಥೆಂಟಿಕೇಟರ್ ಆ್ಯಪ್ ಹಾಕಿ ಎರಡನೇ ಬೀಗ ಜಡಿ. ಆಮೇಲೆ ಬಜೆಟ್ ಅಲರ್ಟ್ ಇಡು, ನೂರು ರೂಪಾಯಿ ದಾಟಿದರೆ ಮೇಲ್ ಬರಲಿ. ಅಲರ್ಟ್ ಇಟ್ಟೆ ಅಂತ ನಿದ್ದೆ ಮಾಡಬೇಡ. ನಮ್ಮ ಮನೆಗಳಲ್ಲಿ ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಇರುತ್ತದಲ್ಲ, ಅದು ಕೂಗುತ್ತದೆ, ಮೋಟಾರ್ ಆಫ್ ಮಾಡುವುದಿಲ್ಲ. ಓಡಿ ಹೋಗಿ ಆಫ್ ಮಾಡುವವಳು ನೀನೇ. ಇದೂ ಹಾಗೆಯೇ. ಮೆಷಿನ್ ತೆರೆದರೆ ಆಟ ಮುಗಿದ ಮೇಲೆ ಡಿಲೀಟ್ ಮಾಡು, ಡಿಸ್ಕ್ ಹೋಯಿತೇ ನೋಡು, ವಿಳಾಸ ಬಿಟ್ಟೆಯಾ ನೋಡು. ಮಾರನೇ ದಿನ ಬಿಲ್ಲಿಂಗ್ ಪುಟ ತೆರೆದು ಮತ್ತೊಂದು ಸಲ ನೋಡು. ಇನ್ನು ನಿನ್ನ ಖಾತೆ ತೆರೆಯುವ ಆಕ್ಸೆಸ್ ಕೀ ಅನ್ನುವ ಉದ್ದನೆಯ ಗುಟ್ಟಿನ ಅಕ್ಷರಗಳು ಸಿಗುತ್ತವೆ. ಪ್ರೋಗ್ರಾಂ ಬರೆಯುವವರು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣಕ್ಕೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದೆ ಅನ್ನು, ಮನೆ ಬೀಗದ ಕೈಯನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ನಲ್ಲಿ ನೇತು ಹಾಕಿದ ಹಾಗೆ.

ಆ 45 ಸಾವಿರದ ಮಾತು. ನಾನೂ ಪಾಠ ಹೇಳಿ ದುಡ್ಡು ತೆಗೆದುಕೊಳ್ಳುವವಳೇ, ಆದರೂ ಹೇಳುತ್ತೇನೆ, ಈಗ ಕೊಡಬೇಡ. ಕೆಲಸ ಗ್ಯಾರಂಟಿ ಅನ್ನುವವರಿಗೆ ಅದನ್ನು ಕಾಗದದ ಮೇಲೆ ಬರೆದು ಕೊಡಿ ಅನ್ನು, ಮುಖ ನೋಡು. ಅಮೆಜಾನ್‌ನ ಸ್ಕಿಲ್ ಬಿಲ್ಡರ್, ಮೈಕ್ರೋಸಾಫ್ಟ್ ಲರ್ನ್ ಎರಡರಲ್ಲೂ ಶುರುವಿನ ಪಾಠಗಳು ಪುಕ್ಕಟೆ. ಅಮೆಜಾನ್‌ನ ಕ್ಲೌಡ್ ಪ್ರಾಕ್ಟಿಷನರ್ ಪರೀಕ್ಷೆಗೆ 100 ಡಾಲರ್. 90 ನಿಮಿಷ, 65 ಪ್ರಶ್ನೆ, ಸಾವಿರಕ್ಕೆ 700 ಬಂದರೆ ಪಾಸು. ಸರ್ಟಿಫಿಕೇಟ್ ಇದ್ದರೆ ಸಂದರ್ಶನಕ್ಕೆ ಕರೆ ಬರಬಹುದು. ಒಳಗೆ ಕೂತ ಮೇಲೆ ಅವರು ಕೇಳುವುದು, ನೀನು ಏನು ಮಾಡಿದ್ದೀಯ ತೋರಿಸು ಅಂತ. ಆಗ ಆಟೋ ಬಾಡಿಗೆಯ ಲೆಕ್ಕ ತೋರಿಸು. ಸೋಮವಾರ ಬೆಳಿಗ್ಗೆ ಜಾಸ್ತಿ ಸಿಗುತ್ತದೋ, ಶನಿವಾರ ರಾತ್ರಿಯೋ, ಮಳೆ ಬಂದ ದಿನ ಎಷ್ಟು ಅಂತ. ಅಪ್ಪನಿಗೂ ಅದನ್ನು ಮೊದಲು ತೋರಿಸು.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಮಗ ಲೆಕ್ಕವನ್ನೆಲ್ಲ ಗೂಗಲ್ ಶೀಟ್‌ಗೆ ಹಾಕಿದ್ದಾನೆ. ಇಂಟರ್‌ನೆಟ್ ಹೋದರೆ ನನ್ನ ಉದ್ರಿ ಲೆಕ್ಕ ಹೋಯಿತಾ? ಇನ್ನು ಪ್ರಿಂಟ್ ತೆಗೆದರೆ ಎಂಟು ಹಾಳೆ ಬರುತ್ತದೆ, ಅದರಲ್ಲಿ ನಾಲ್ಕು ಹಾಳೆಯಲ್ಲಿ ಬರೀ ಒಂದು ಕಾಲಂ.
– ವ್ಯಾಪಾರಿ, ಚಿಕ್ಕಪೇಟೆ

ಉತ್ತರ: ಯಜಮಾನರೇ, ಇಂಟರ್‌ನೆಟ್ ಹೋದರೆ ನಿಮಗೆ ಕಾಣುವುದಿಲ್ಲ, ಲೆಕ್ಕ ಹೋಗುವುದಿಲ್ಲ. ಯಾರಾದರೂ ಉದ್ರಿ ಅಳಿಸಿದರೂ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ. ಯಾರು ಅಳಿಸಿದರು ಅನ್ನುವುದೂ ಸಿಗುತ್ತದೆ. ಅದು ಅಂಗಡಿಯಲ್ಲಿ ಜಗಳಕ್ಕೆ ಕಾರಣವಾದರೆ ನನ್ನನ್ನು ಬೈಯಬೇಡಿ. ನಿಜವಾದ ಭಯ ಬೇರೆ ಇದೆ. ಶೇರ್ ಬಟನ್ ಒತ್ತಿ, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅಂತ ಮಗ ಇಟ್ಟಿದ್ದಾನಾ ನೋಡಿ. ಇಟ್ಟಿದ್ದರೆ ತೆಗೆಸಿ, ಬೇಕಾದವರ ಇಮೇಲ್ ಮಾತ್ರ ಸೇರಿಸಿ. ಗೂಗಲ್‌ನ ಪುಕ್ಕಟೆ ಜಾಗ 15 ಜಿಬಿ, ಅದರಲ್ಲಿ ಮೇಲ್, ಫೋಟೋ ಎಲ್ಲ ಸೇರಿದೆ. ಮಗ ಊಟಿಯ ಫೋಟೋ ತುಂಬಿದರೆ ನಿಮ್ಮ ಲೆಕ್ಕಕ್ಕೂ ಜಾಗ ಕಮ್ಮಿ. ಅಂಗಡಿಗೆ ಬೇರೆ ಖಾತೆ ತೆರೆಯಿರಿ. ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಗಲ್ಲಾಪೆಟ್ಟಿಗೆಯೊಳಗೆ ಇಡಿ.

ಪ್ರಿಂಟ್ ಕೊಡುವಾಗ ಬಲಗಡೆ ಸ್ಕೇಲ್ ಅಂತ ಇದೆ, ಅದರಲ್ಲಿ ಫಿಟ್ ಟು ವಿಡ್ತ್ ಆರಿಸಿ. ಹಾಳೆಯನ್ನು ಅಡ್ಡ ಇಡಿ. ಮೊದಲ ಸಾಲನ್ನು ಫ್ರೀಜ್ ಮಾಡಿಟ್ಟಿದ್ದರೆ, ಅದನ್ನು ಪ್ರತಿ ಪುಟದ ತಲೆಯಲ್ಲೂ ಮುದ್ರಿಸುವ ಆಯ್ಕೆ ಹೆಡರ್ಸ್ ಅಂಡ್ ಫೂಟರ್ಸ್‌ನಲ್ಲಿದೆ. ಬರೀ ಒಂದು ಕಾಲಂ ಇರುವ ಹಾಳೆಗಳು ಇನ್ನು ಬರುವುದಿಲ್ಲ. ನಿಮ್ಮ ಪತ್ರದ ಕೊನೆಗೆ, ಈಗ ಕರೆಂಟ್ ಹೋಯಿತು, ಇಲ್ಲಿಗೆ ನಿಲ್ಲಿಸುತ್ತೇನೆ ಅಂತ ಬರೆದಿದ್ದೀರಿ. ಬಂದಿರಬೇಕು ಈಗ. ತೆಗೆದು ನೋಡಿ.